ಒಂದೇ ಸಂಪಿಗೆ, ಐದು ದಾರ

ಹೋದ ವರ್ಷ ಅಕ್ಕನ ಮಗಳ ಮದುವೆಗೆ ಅವಳ ಬ್ಲೌಸ್‌ಗೆ ನಾನೇ ಕಸೂತಿ ಹಾಕಿದ್ದೆ. ಕೆನೆ ಬಣ್ಣದ ಬಟ್ಟೆ, ಎರಡೂ ತೋಳಿನ ತುಂಬ ಸಂಪಿಗೆ ಹೂವು. ಅಂಗಡಿಯಲ್ಲಿ ‘ಸಿಲ್ಕ್ ಥ್ರೆಡ್’ ಅಂತ ಕೇಳಿಯೇ ದಾರ ತಂದಿದ್ದೆ. ರೀಲಿನ ಮೇಲೂ ಹಾಗೇ ಬರೆದಿತ್ತು. ಮದುವೆ ದಿನ ಬಂದವರೆಲ್ಲ ಅವಳ ತೋಳು ಹಿಡಿದು ಹಿಡಿದು ನೋಡಿದರು. ಆಮೇಲೆ ಬೆವರು ಹೋಗಲಿ ಅಂತ ಒಂದು ಸಲ ತಣ್ಣೀರಲ್ಲಿ ಅದ್ದಿದೆವು, ಅಷ್ಟೇ. ಅಂಚಿಗೆ ಹಾಕಿದ ಕೆಂಪು ದಾರದ ಬಣ್ಣ ಬಟ್ಟೆಗೆಲ್ಲ ಹರಡಿತು. ಒಣಗಿದ ಮೇಲೆ ನೋಡಿದರೆ ದಳಗಳ ದಾರ ಎಳೆ ಎಳೆಯಾಗಿ ಎದ್ದು ನಿಂತಿತ್ತು. ಇಪ್ಪತ್ತು ಸಂಜೆಗಳ ಕೆಲಸ ಅದು. ನನಗೆ ಅಳುವೇ ಬಂತು.

ಉಳಿದ ದಾರದ ತುದಿಗೆ ಬೆಂಕಿ ತಾಗಿಸಿ ನೋಡಿದೆ. ಭರ್ರನೆ ಉರಿಯಿತು. ಕಾಗದ ಸುಟ್ಟ ವಾಸನೆ, ಬೆರಳಿಗೆ ಮೆತ್ತನೆಯ ಬೂದಿ. ರೇಷ್ಮೆ ಹಾಗೆ ಉರಿಯುವುದಿಲ್ಲ. ಅದಕ್ಕೆ ಕೂದಲು ಸುಟ್ಟ ವಾಸನೆ ಇರುತ್ತದೆ. ಬೆಂಕಿ ಸರಿಸಿದರೆ ತಾನೇ ಆರುತ್ತದೆ. ತುದಿಯಲ್ಲಿ ಕರಿ ಮಣಿಯಂಥದ್ದು ಉಳಿಯುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ, ಎಷ್ಟು ಉಜ್ಜಿದರೂ ಒಡೆಯುವುದಿಲ್ಲ. ನನ್ನ ಕೈಯಲ್ಲಿದ್ದದ್ದು ರೇಯಾನ್. ಮರದ ತಿರುಳಿನಿಂದ ಮಾಡುವ ದಾರ.

ಆಗ ಅವ್ವನ ಮಾತು ನೆನಪಾಯಿತು. ಅವ್ವ ಧಾರವಾಡದವಳು, ಇರಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಬಣ್ಣ ಬಣ್ಣದ ಲಡಿಗಳಿಗೆ ಕೈ ಹಾಕಿದರೆ ಅವಳು ಹೇಳುತ್ತಿದ್ದದ್ದು ಇಷ್ಟೇ: “ಮೊದ್ಲ ದಾರದ ಮೈ ಮುಟ್ಟಿ ನೋಡವಾ, ಬಣ್ಣ ಆಮ್ಯಾಲ ನೋಡೀಯಂತ.” ನಾನು ಇಷ್ಟು ವರ್ಷ ಬಣ್ಣ ನೋಡಿಯೇ ದಾರ ಕೊಂಡೆ. ಈ ಸಲ ಮೈ ನೋಡಬೇಕು ಅಂತ ಕೂತೆ.

ಅರ್ಧ ಮೀಟರ್ ರಾ ಸಿಲ್ಕ್ ಬಟ್ಟೆ ತಂದೆ. ಹಿಂದೆ ಕಾಟನ್ ಬಟ್ಟೆ ಕೊಟ್ಟು ಮರದ ಫ್ರೇಮಿಗೆ ಬಿಗಿದೆ. ಒಂದೇ ಸಂಪಿಗೆ ಹೂವನ್ನು ಐದು ಸಲ ಪಕ್ಕ ಪಕ್ಕ ಟ್ರೇಸ್ ಮಾಡಿದೆ. ಏಳು ದಳ, ನಡುವೆ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಗಂಟು), ಸ್ಟೆಮ್ ಸ್ಟಿಚ್‌ನಲ್ಲಿ (ಗೆರೆ ಹೊಲಿಗೆ) ತೊಟ್ಟು, ಒಂದು ಎಲೆ. ದಳಕ್ಕೆ ಲಾಂಗ್ ಅಂಡ್ ಶಾರ್ಟ್ (ಉದ್ದ ಗಿಡ್ಡ ಹೊಲಿಗೆಗಳ ಸಾಲು), ಎಲೆಗೆ ಸ್ಯಾಟಿನ್ (ಪಕ್ಕ ಪಕ್ಕ ಒತ್ತಾಗಿ ತುಂಬುವ ಹೊಲಿಗೆ). ಬಣ್ಣ ಎಲ್ಲದಕ್ಕೂ ಆದಷ್ಟು ಹತ್ತಿರದ ಹೊಂಬಣ್ಣ. ದಾರ ಮಾತ್ರ ಬೇರೆ ಬೇರೆ: ಹುರಿಯೇ ಇಲ್ಲದ ಚಪ್ಪಟೆ ರೇಷ್ಮೆ, ಹುರಿ ಹಾಕಿದ ರೇಷ್ಮೆ, ತುಂಡು ಎಳೆಗಳಿಂದ ನೂತ ಸ್ಪನ್ ಸಿಲ್ಕ್, ನೇಕಾರರ ಮನೆಯ ನೂಲಿನಿಂದ ನಾನೇ ಹೊಸೆದ ದಾರ, ಕೊನೆಗೆ ಅದೇ ರೇಯಾನ್. ಇದಲ್ಲದೆ ಪ್ರತಿಯೊಂದರಲ್ಲೂ ಎರಡೆರಡು ದಳಗಳನ್ನು ಬೇರೆ ತುಂಡುಗಳ ಮೇಲೆ ಹಾಕಿ ಇಟ್ಟುಕೊಂಡೆ. ಅವು ಒಗೆದು, ಉಜ್ಜಿ ನೋಡುವುದಕ್ಕೆ.

ನಾಲ್ಕೂ ರೇಷ್ಮೆಯೇ ಆದರೂ ಇಷ್ಟು ಬೇರೆ ಯಾಕೆ ಅನ್ನುವುದಕ್ಕೆ ರೇಷ್ಮೆ ಗೂಡಿನಿಂದಲೇ ಶುರು ಮಾಡಬೇಕು. ರಾಮನಗರದ ಕಡೆ ಹೋದವರು ನೂಲು ಬಿಚ್ಚುವುದನ್ನು ನೋಡಿರುತ್ತೀರಿ. ಗೂಡುಗಳನ್ನು ಬಿಸಿನೀರಲ್ಲಿ ಬೇಯಿಸುತ್ತಾರೆ. ಅಂಟು ಸಡಿಲವಾಗಿ ಎಳೆಯ ತುದಿ ಸಿಗುತ್ತದೆ. ಒಂದು ಗೂಡಿನ ಎಳೆ ಕೂದಲಿಗಿಂತ ಎಷ್ಟೋ ತೆಳು. ಆದರೆ ತುಂಡಾಗದೆ ನೂರಾರು ಮೀಟರ್ ಬರುತ್ತದೆ, ಒಳ್ಳೆಯ ಗೂಡಾದರೆ 1,000 ಮೀಟರ್ ದಾಟುತ್ತದೆ. ಎಂಟು ಹತ್ತು ಗೂಡುಗಳ ಎಳೆ ಒಟ್ಟಿಗೆ ಸೇರಿದರೆ ಒಂದು ಹಸಿ ನೂಲು. 20/22 ಡೆನಿಯರ್ ಅನ್ನುತ್ತಾರಲ್ಲ, ಅದು ಇದೇ. ಅಂದರೆ 9,000 ಮೀಟರ್ ನೂಲು ತೂಗಿದರೆ 20ರಿಂದ 22 ಗ್ರಾಂ ಮಾತ್ರ. ಹಸಿ ನೂಲು ಮುಟ್ಟಿದರೆ ಒರಟು, ಹೊಳಪೂ ಕಡಿಮೆ, ಯಾಕೆಂದರೆ ಮೇಲೆ ಅಂಟು ಇರುತ್ತದೆ. ಸೋಪಿನ ನೀರಲ್ಲಿ ಕುದಿಸಿ ಆ ಅಂಟು ತೆಗೆದರೆ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ. ಆಮೇಲೆ ಉಳಿಯುವುದೇ ನಾವು ರೇಷ್ಮೆ ಅಂತ ಮುದ್ದು ಮಾಡುವ ಆ ಮಿಂಚು. ಈ ಎಳೆಯನ್ನು ಅಡ್ಡ ಕತ್ತರಿಸಿ ದೊಡ್ಡದು ಮಾಡಿ ನೋಡಿದರೆ ಮೂಲೆ ಮೊಂಡಾದ ತ್ರಿಕೋನದ ಹಾಗಿರುತ್ತದೆ. ಅದರ ಚಪ್ಪಟೆ ಮೈಗಳು ಬೆಳಕನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತವೆ.

ಈ ಎಳೆಗಳನ್ನು ಹುರಿ ಹಾಕದೆ ಹಾಗೇ ಬಿಟ್ಟರೆ ಒಂದು ದಾರ. ಹುರಿ ಹಾಕಿದರೆ ಇನ್ನೊಂದು. ತುಂಡು ಮಾಡಿ ಹತ್ತಿಯ ಹಾಗೆ ನೂತರೆ ಮತ್ತೊಂದು. ಎಲ್ಲ ಹುಳುವೂ ಅದೇ, ಸೊಪ್ಪೂ ಅದೇ. ನನ್ನ ಐದು ಹೂಗಳಲ್ಲಿ ಕಂಡ ವ್ಯತ್ಯಾಸದ ಬಹುಪಾಲು ಈ ಹುರಿಯದ್ದು.

ಮೊದಲು ಚಪ್ಪಟೆ ರೇಷ್ಮೆ

ಇದನ್ನು ನನ್ನ ನಾದಿನಿ ಹೊರದೇಶದಿಂದ ತಂದುಕೊಟ್ಟಳು, ಜಪಾನಿನ ದಾರ. ಒಂದು ಎಳೆ ಬಿಡಿಸಿದರೆ ಒಳಗೆ ಹನ್ನೆರಡು ಸಣ್ಣ ಎಳೆ. ಎಷ್ಟು ಬೇಕೋ ಅಷ್ಟು ಬಿಡಿಸಿಕೊಳ್ಳಬಹುದು. ಕೈಗೆ ತಗೊಂಡಾಗ ದಾರ ಅನ್ನಿಸುವುದೇ ಇಲ್ಲ, ಜೇಡರ ಬಲೆ ಮುಟ್ಟಿದ ಹಾಗೆ.

ಮೊದಲ ಸಂಜೆ ಒಂದು ದಳವೂ ಮುಗಿಯಲಿಲ್ಲ. ಬೆಳಿಗ್ಗೆ ತೆಂಗಿನಕಾಯಿ ತುರಿದು, ಪಾತ್ರೆ ತಿಕ್ಕಿದ ಕೈ. ಬೆರಳ ತುದಿಯ ಪ್ರತಿ ಸೀಳಿಗೂ ಎಳೆ ಸಿಕ್ಕಿಕೊಂಡಿತು. ಮಾರನೇ ದಿನ ಒಂದು ಚಮಚ ಸಕ್ಕರೆಗೆ ಕೊಬ್ಬರಿ ಎಣ್ಣೆ ಹಾಕಿ ಕೈಗೆ ಚೆನ್ನಾಗಿ ಉಜ್ಜಿಕೊಂಡೆ. ಆಮೇಲೆ ಸೋಪು ಹಾಕಿ ಎಣ್ಣೆ ಪೂರ್ತಿ ತೊಳೆದು ಒರೆಸಿಕೊಂಡು ಕೂತೆ. ಅರ್ಧ ಕಷ್ಟ ಅಲ್ಲಿಗೇ ಹೋಯಿತು. ಉಗುರು ಕೂಡ ನುಣ್ಣಗೆ ತಿಕ್ಕಿಕೊಳ್ಳಬೇಕು. ರೇಷ್ಮೆ ಕೆಲಸ ಮಾಡುವವರು ಇದನ್ನು ದಿನದ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಉಳಿದರ್ಧ ಕಷ್ಟ ಹೊಲಿಗೆಯಲ್ಲಿ. ಸೂಜಿ ಎಳೆದಾಗ ದಾರ ತಾನಾಗಿ ಹುರಿ ತಿರುಗುತ್ತದೆ. ಹುರಿ ತಿರುಗಿದ ಕಡೆ ಮಿಂಚು ಸತ್ತು ಗೆರೆ ಬೀಳುತ್ತದೆ. ಅದಕ್ಕೇ ಪ್ರತಿ ಹೊಲಿಗೆಯನ್ನೂ ಬಟ್ಟೆಗೆ ಬಿಗಿಯುವ ಮೊದಲು ಇನ್ನೊಂದು ಕೈಯಿಂದ ದಾರದ ಕೆಳಗೆ ಮೊಂಡು ಸೂಜಿ ಕೊಟ್ಟು ಎಳೆಗಳನ್ನು ಅಕ್ಕಪಕ್ಕ ಮಲಗಿಸಬೇಕು. ಜಪಾನಿನವರು ಇದಕ್ಕೆ ತೆಕೊಬರಿ ಅನ್ನುವ ಉಕ್ಕಿನ ಕಡ್ಡಿ ಬಳಸುತ್ತಾರೆ. ನಾನು ತುದಿ ಉಜ್ಜಿ ನುಣುಪು ಮಾಡಿದ ದಬ್ಬಣ ಬಳಸಿದೆ, ಚೆನ್ನಾಗಿಯೇ ಆಯಿತು. ಎರಡೂ ಕೈ ಬೇಕಾಗುವುದರಿಂದ ಫ್ರೇಮಿಗೆ ಸ್ಟ್ಯಾಂಡ್ ಇಲ್ಲದೆ ಆಗುವುದಿಲ್ಲ. ಕೈಯಲ್ಲಿ ಹಿಡಿಯುವ ರಿಂಗಿನಲ್ಲಿ ಇದನ್ನು ಮಾಡಲು ಹೋಗಬೇಡಿ.

ಒಂದು ಹೂವಿಗೆ ಐದು ಸಂಜೆ ಹಿಡಿಯಿತು. ಆದರೆ ಮುಗಿದ ದಿನ ಫ್ರೇಮನ್ನು ಕಿಟಕಿಗೆ ಹಿಡಿದೆ ನೋಡಿ, ಮಾತೇ ಬರಲಿಲ್ಲ. ಏಳು ದಳಕ್ಕೂ ಒಂದೇ ಬಣ್ಣದ ದಾರ. ಹೊಲಿಗೆ ಬೇರೆ ಬೇರೆ ದಿಕ್ಕಿಗೆ ಹೋಗಿದ್ದರಿಂದ ಒಂದು ದಳ ಬೆಣ್ಣೆಯ ಹಾಗೆ ಬೆಳ್ಳಗೆ, ಪಕ್ಕದ್ದು ಜೇನಿನ ಹಾಗೆ ಗಾಢ. ಫ್ರೇಮ್ ಸ್ವಲ್ಪ ತಿರುಗಿಸಿದರೆ ಬೆಳಕು ಒಂದು ದಳದಿಂದ ಇನ್ನೊಂದಕ್ಕೆ ನಡೆಯುತ್ತದೆ. ಎರಡು ಮೂರು ಶೇಡ್ ಕೊಂಡು ತರುವ ಬದಲು ಇಲ್ಲಿ ಸುಮ್ನೆ ದಿಕ್ಕು ಬದಲಿಸಿದರೆ ಸಾಕು. ಪಂಜಾಬಿನ ಹಳೆಯ ಫುಲ್ಕಾರಿ ಕಸೂತಿಯ ಗುಟ್ಟೂ ಇದೇ. ಅವರು ಖದ್ದರ್ ಬಟ್ಟೆಯ ಹಿಂಬದಿಯಿಂದ ‘ಪಟ್’ ಅನ್ನುವ ಹುರಿ ಇಲ್ಲದ ರೇಷ್ಮೆಯಲ್ಲಿ ಉದ್ದುದ್ದ ಹೊಲಿಗೆ ಹಾಕುತ್ತಿದ್ದರು. ಒಂದೇ ಹೊನ್ನಿನ ಬಣ್ಣ, ಅಡ್ಡ ಒಂದು ಚೌಕ, ಉದ್ದ ಒಂದು ಚೌಕ. ದೂರದಿಂದ ನೋಡಿದರೆ ಎರಡು ಬಣ್ಣ ಕಾಣುತ್ತದೆ. ಹಿಮಾಚಲದ ಚಂಬಾ ರುಮಾಲಿನಲ್ಲೂ, ಕಚ್ಛಿನ ಹೀರ್ ಕಸೂತಿಯಲ್ಲೂ ಇಂಥದೇ ದಾರ. ಇದು ಹೊರದೇಶದ ವಿದ್ಯೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ದೇಶದ ಹೆಂಗಸರ ಕೈಯಲ್ಲೇ ಎಷ್ಟು ಕಾಲದಿಂದ ಇತ್ತು ಅಲ್ವಾ!

ಇನ್ನು ಅದರ ಕೊರತೆ. ಫ್ರೆಂಚ್ ನಾಟ್ ಹಾಕಿದರೆ ಗಂಟು ನಿಲ್ಲುವುದಿಲ್ಲ, ಮೆತ್ತಗೆ ಕುಸಿದು ಚುಕ್ಕೆಯಾಗುತ್ತದೆ. ಸ್ಟೆಮ್ ಸ್ಟಿಚ್‌ನ ತೊಟ್ಟು ಗೆರೆಯಾಗುವುದಿಲ್ಲ, ಬಳಿದ ಹಾಗಿರುತ್ತದೆ. ಉದ್ದ ಹೊಲಿಗೆಗೆ ಏನಾದರೂ ತಾಗಿದರೆ ಮುಗಿಯಿತು, ಎಳೆ ಮೇಲೆದ್ದು ಬರುತ್ತದೆ.

ಹುರಿ ಹಾಕಿದ ರೇಷ್ಮೆ

ಇದೂ ಅದೇ ಉದ್ದನೆಯ ಎಳೆ. ಆದರೆ ಗಟ್ಟಿಯಾಗಿ ಹುರಿ ಹಾಕಿ, ಮೂರು ಎಳೆ ಮತ್ತೆ ಒಟ್ಟಿಗೆ ಹೊಸೆದದ್ದು. ಪ್ಯಾರಿಸ್ಸಿನ ಔ ವೆರ್ ಆ ಸ್ವಾ ಕಂಪನಿಯ ‘ಸ್ವಾ ಪೆರ್ಲೆ’ ಈ ಜಾತಿಯದು. ಚಪ್ಪಟೆ ರೇಷ್ಮೆಯ ಹೊಳಪು ನೀರಿನ ಮೇಲಿನ ಬೆಳಕಾದರೆ, ಇದರದ್ದು ಮಣಿಸರದ ಹೊಳಪು. ಹುರಿಯ ಪ್ರತಿ ತಿರುವಿನಲ್ಲೂ ಬೆಳಕು ಮುರಿದು ಸಣ್ಣ ಸಣ್ಣ ಚುಕ್ಕೆಯಾಗುತ್ತದೆ.

ದಳ ತುಂಬುವುದಕ್ಕೆ ಇದು ನನಗೆ ಹಿಡಿಸಲಿಲ್ಲ. ಹೊಲಿಗೆಗಳು ಒಂದರ ಪಕ್ಕ ಒಂದು ಹಗ್ಗ ಸುತ್ತಿದ ಹಾಗೆ ಬೇರೆ ಬೇರೆಯಾಗಿ ಕಾಣುತ್ತವೆ. ಲಾಂಗ್ ಅಂಡ್ ಶಾರ್ಟ್‌ನಲ್ಲಿ ಒಂದು ಸಾಲು ಇನ್ನೊಂದರೊಳಗೆ ಕರಗಬೇಕು, ಇಲ್ಲಿ ಕರಗುವುದಿಲ್ಲ. ಚಪ್ಪಟೆ ರೇಷ್ಮೆಯ ದಳ ಹೂವಿನದ್ದೇ ಅನ್ನಿಸಿದರೆ, ಇದರ ದಳ ಹೆಣೆದ ಬುಟ್ಟಿಯ ಹಾಗಿತ್ತು.

ಆದರೆ ತೊಟ್ಟು? ಐದು ಹೂಗಳಲ್ಲಿ ತೊಟ್ಟಿಗೆ ಮೊದಲ ಸ್ಥಾನ ಇದಕ್ಕೇ. ಗೆರೆ ನೆಟ್ಟಗೆ, ದುಂಡಗೆ, ಬಟ್ಟೆಯ ಮೇಲೆ ಎದ್ದು ನಿಲ್ಲುತ್ತದೆ. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಸ್ಟೆಮ್ ಸ್ಟಿಚ್ ಹಾಕುವಾಗ ದಾರವನ್ನು ಸೂಜಿಯ ಕೆಳಗಿಟ್ಟರೆ ಒಂದು ರೀತಿ, ಮೇಲಿಟ್ಟರೆ ಇನ್ನೊಂದು ರೀತಿ. ಒಂದರಲ್ಲಿ ಹುರಿ ಬಿಗಿಯಾಗಿ ಹಗ್ಗದಂತೆ ಕಾಣುತ್ತದೆ, ಇನ್ನೊಂದರಲ್ಲಿ ಹುರಿ ಬಿಚ್ಚಿ ಗೆರೆ ಹರಡುತ್ತದೆ. ಯಾವುದು ಬರುತ್ತದೆ ಅನ್ನುವುದು ಆ ದಾರಕ್ಕೆ ಎಡಕ್ಕೆ ಹುರಿ ಹಾಕಿದ್ದಾರೋ ಬಲಕ್ಕೆ ಹಾಕಿದ್ದಾರೋ ಅನ್ನುವುದರ ಮೇಲಿದೆ. ಕಾಟನ್ ದಾರದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ರೇಷ್ಮೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಹೊಸ ದಾರ ತಂದಾಗ ಮೂಲೆಯಲ್ಲಿ ಎರಡೂ ರೀತಿ ಒಂದೊಂದು ಇಂಚು ಹಾಕಿ ನೋಡಿ, ಆಮೇಲೆ ಕೆಲಸಕ್ಕೆ ಕೂರಿ.

ಫ್ರೆಂಚ್ ನಾಟ್ ಇದರಲ್ಲಿ ಸಾಸಿವೆ ಕಾಳಿನ ಹಾಗೆ ಉರುಟಾಗಿ ಬಂತು. ಕೈಗೂ ಸಿಕ್ಕಿಕೊಳ್ಳುವುದಿಲ್ಲ. ದಬ್ಬಣವೂ ಬೇಡ, ಸ್ಟ್ಯಾಂಡೂ ಬೇಡ. ಎರಡೇ ಸಂಜೆಯಲ್ಲಿ ಹೂ ಮುಗಿಯಿತು.

ಸ್ಪನ್ ಸಿಲ್ಕ್

ಚಿಟ್ಟೆ ತೂತು ಮಾಡಿ ಹೊರಬಂದ ಗೂಡು, ನೂಲು ಬಿಚ್ಚುವಾಗ ಉಳಿದ ಎಳೆ, ಇವನ್ನೆಲ್ಲ ಉದ್ದಕ್ಕೆ ಬಿಚ್ಚಲು ಆಗುವುದಿಲ್ಲ. ಅವನ್ನು ತುಂಡು ಮಾಡಿ, ಬಾಚಿ, ಹತ್ತಿಯ ಹಾಗೆ ನೂಲುತ್ತಾರೆ. ಅದೇ ಸ್ಪನ್ ಸಿಲ್ಕ್. ನಮ್ಮ ಚನ್ನಪಟ್ಟಣದಲ್ಲೂ ಇದರ ಗಿರಣಿ ಇತ್ತು. ಅಸ್ಸಾಮಿನ ಎರಿ ರೇಷ್ಮೆಯನ್ನಂತೂ ನೂಲುವುದೇ ದಾರಿ, ಆ ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಹೀಗೆ ಉಳಿಕೆಯಿಂದ ಬಂದದ್ದು ಅಂತ ಕೇಳಿ ನಾನು ಇದನ್ನು ಕಡಿಮೆ ದರ್ಜೆಯದು ಅಂದುಕೊಂಡಿದ್ದೆ. ಅದು ತಪ್ಪು. ಕಸೂತಿಗೆ ಸಿಗುವ ಒಳ್ಳೊಳ್ಳೆಯ ರೇಷ್ಮೆ ದಾರಗಳಲ್ಲಿ ಕೆಲವು ಸ್ಪನ್ ಸಿಲ್ಕೇ. ನಾನು ಬಳಸಿದ್ದು ‘ಸ್ವಾ ದಾಲ್ಜೆ’, ಅದೂ ಅದೇ ಪ್ಯಾರಿಸ್ ಕಂಪನಿಯದು. ಏಳು ಎಳೆಯ ದಾರ, ಐದು ಮೀಟರಿನ ಲಡಿ.

ಹೊಲಿಯುವಾಗ ಮನಸ್ಸಿಗೆ ಅತಿ ಹಿತ ಕೊಟ್ಟದ್ದು ಇದೇ. ನಮ್ಮ ಆರೆಳೆ ಆಂಕರ್ ಕಾಟನ್ ದಾರ ಬಳಸಿ ಅಭ್ಯಾಸ ಇದ್ದವರಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಎಳೆ ಬಿಡಿಸಿ, ಸೂಜಿಗೆ ಪೋಣಿಸಿ, ಹೊಲಿಯಿರಿ. ಬಟ್ಟೆಯೊಳಗೆ ಹೋಗುವಾಗ ಶಬ್ದವೇ ಇಲ್ಲ. ತುಂಡು ಎಳೆಗಳಿಂದ ಮಾಡಿದ್ದಾದ್ದರಿಂದ ದಾರಕ್ಕೆ ಸ್ವಲ್ಪ ಉಬ್ಬು ಇರುತ್ತದೆ, ಹೊಲಿಗೆಗಳ ನಡುವಿನ ಸಂದು ತಾನಾಗಿ ತುಂಬಿಕೊಳ್ಳುತ್ತದೆ. ಶೇಡಿಂಗ್ ಮಾಡಿದರೆ ಒಂದು ಬಣ್ಣ ಇನ್ನೊಂದರೊಳಗೆ ಸೇರಿದ್ದು ಎಲ್ಲಿ ಅಂತ ಗೊತ್ತಾಗದಷ್ಟು ನಯ. ಹೊಳಪು ಮಾತ್ರ ಕಡಿಮೆ. ಎಳೆಯ ತುದಿಗಳು ಬೆಳಕನ್ನು ಚದುರಿಸುತ್ತವೆ, ಹಾಗಾಗಿ ಮಿಂಚಿನ ಬದಲು ಮುತ್ತಿನ ತಂಪು ಕಾಣುತ್ತದೆ. ಚಪ್ಪಟೆ ರೇಷ್ಮೆಯ ಹೂವಿನ ಪಕ್ಕ ಇಟ್ಟರೆ ಇದು ಮಂಕು. ಕಾಟನ್ ಹೂವಿನ ಪಕ್ಕ ಇಟ್ಟರೆ ಇದರೊಳಗೆ ದೀಪ ಇದ್ದ ಹಾಗೆ.

ಒಂದೇ ಎಚ್ಚರ. ಸೂಜಿಯ ಕಣ್ಣಿನಲ್ಲಿ ದಾರ ಸವೆಯುತ್ತದೆ. ಒಂದು ಮೊಳಕ್ಕಿಂತ ಉದ್ದ ಪೋಣಿಸಬೇಡಿ. ನಾನು ಮೊದಲು ಎರಡು ಮೊಳ ಪೋಣಿಸಿ, ಕೊನೆಯ ದಳದಲ್ಲಿ ನೂಲು ಜುಂಗು ಜುಂಗಾಗಿ ಬಿಚ್ಚಬೇಕಾಯಿತು. ಈ ಮೊಳದ ಲೆಕ್ಕ ಎಲ್ಲ ರೇಷ್ಮೆಗೂ ಒಳ್ಳೆಯದು.

ನೇಕಾರರ ನೂಲು, ನನ್ನದೇ ಹುರಿ

ಹೊರದೇಶದ ದಾರ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಕಚ್ಚಾ ರೇಷ್ಮೆಯಲ್ಲಿ ದೇಶಕ್ಕೇ ಮುಂದಿರುವ ರಾಜ್ಯ ನಮ್ಮದು. ಇಲ್ಲಿ ಕೂತು ಪ್ಯಾರಿಸ್ಸಿನ ಲಡಿಗೆ ಕಾಯುವುದು ನನಗೆ ಸರಿ ಕಾಣಲಿಲ್ಲ. ಬೆಂಗಳೂರಿನ ಕಬ್ಬನ್‌ಪೇಟೆಯ ಹಳೆಯ ಓಣಿಗಳಲ್ಲಿ ನೇಕಾರರ ಮನೆಗಳಿವೆ, ನೂಲಿಗೆ ಬಣ್ಣ ಹಾಕುವವರೂ ಇದ್ದಾರೆ. ಪರಿಚಯದವರೊಬ್ಬರ ಮೂಲಕ ಸೀರೆ ನೇಯ್ದು ಉಳಿದ ಬಣ್ಣದ ನೂಲು ಕೇಳಿದೆ. ತೂಕ ಹಾಕಿ ಕೊಟ್ಟರು. ಅಂಗೈ ತುಂಬುವಷ್ಟು ಹೊಂಬಣ್ಣದ ಲಡಿ. ನನ್ನ ಒಂದು ವರ್ಷದ ಕೆಲಸಕ್ಕೆ ಅದು ಸಾಕು.

ಈ ನೂಲು ಬಹಳ ತೆಳು. ಒಂದು ಎಳೆ ಪೋಣಿಸಿದರೆ ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಆರು ಎಂಟು ಎಳೆ ಒಟ್ಟಿಗೆ ಹಿಡಿದು ಹಾಗೇ ಹೊಲಿದೆ. ಬಹುಮಟ್ಟಿಗೆ ಚಪ್ಪಟೆ ರೇಷ್ಮೆಯ ಹಾಗೇ ಬಂತು! ನೂಲಿಗೆ ಸ್ವಲ್ಪ ಹುರಿ ಇದ್ದದ್ದರಿಂದ ಮಿಂಚು ಒಂದು ಕೂದಲೆಳೆ ಕಡಿಮೆ, ಆದರೆ ಕೈಗೆ ಸಿಕ್ಕಿಕೊಳ್ಳುವುದೂ ಕಡಿಮೆ. ದಳಗಳನ್ನು ಹೀಗೇ ಮುಗಿಸಿದೆ.

ತೊಟ್ಟಿಗೆ ಗಟ್ಟಿ ದಾರ ಬೇಕಿತ್ತು. ಆಗ ಹೊಸೆದೆ. ದೀಪದ ಬತ್ತಿ ಹೊಸೆದು ಗೊತ್ತಿರುವವರಿಗೆ ಇದು ಬಂದೇ ಬರುತ್ತದೆ. ನಾಲ್ಕು ನಾಲ್ಕು ಎಳೆಯ ಎರಡು ಗುಂಪು ಮಾಡಿ, ಒಂದು ತುದಿಯನ್ನು ಫ್ರೇಮಿನ ಮೊಳೆಗೆ ಕಟ್ಟಿ. ಎರಡೂ ಗುಂಪನ್ನು ಬೇರೆ ಬೇರೆಯಾಗಿ ಬಲಕ್ಕೆ ಹುರಿ ಹಾಕಿ. ದಾರ ಸಡಿಲ ಬಿಟ್ಟರೆ ಗುಂಗುರು ಸುತ್ತಿಕೊಳ್ಳಬೇಕು, ಅಷ್ಟು ಬಿಗಿ. ಆಮೇಲೆ ಎರಡನ್ನೂ ಸೇರಿಸಿ ಎಡಕ್ಕೆ ಹುರಿ ಹಾಕಿ. ಎರಡು ಹುರಿಗಳು ಒಂದನ್ನೊಂದು ತಡೆದು ಹಿಡಿಯುತ್ತವೆ, ಕೈ ಬಿಟ್ಟರೂ ಬಿಚ್ಚುವುದಿಲ್ಲ. ಹಗ್ಗ ಮಾಡುವ ಲೆಕ್ಕವೇ ಇದು. ಅರ್ಧ ಗಂಟೆಯಲ್ಲಿ ಒಂದು ಹೂವಿಗೆ ಬೇಕಾದಷ್ಟು ದಾರ ಆಯಿತು. ಬಿಗಿ ಎಷ್ಟಿರಬೇಕು, ದಪ್ಪ ಎಷ್ಟಿರಬೇಕು ಅನ್ನುವುದು ನನ್ನ ಕೈಯಲ್ಲೇ ಇತ್ತು. ಸಡಿಲ ಹುರಿ ಎಲೆಯ ನರಕ್ಕೆ, ಬಿಗಿ ಹುರಿ ಫ್ರೆಂಚ್ ನಾಟ್‌ಗೆ. ಅಂಗಡಿಯ ಯಾವ ದಾರವೂ ಈ ಸ್ವಾತಂತ್ರ್ಯ ಕೊಡಲಿಲ್ಲ.

ಕೊರತೆ ಎರಡು. ಶೇಡ್ ಕೇಳಿದರೆ ಸಿಗುವುದಿಲ್ಲ, ಆ ತಿಂಗಳು ಯಾವ ಸೀರೆ ನೇಯ್ದರೋ ಅದೇ ಬಣ್ಣ. ಇನ್ನೊಂದು, ಗಾಢ ಬಣ್ಣಗಳು ಮೊದಲು ನೀರು ಬಿಡುತ್ತವೆ. ನಾನು ತಂದ ಕುಂಕುಮ ಬಣ್ಣದ ನೂಲನ್ನು ಆರು ಸಲ ತಣ್ಣೀರಲ್ಲಿ ಜಾಲಿಸಿದ ಮೇಲೆ ನೀರು ತಿಳಿಯಾಯಿತು. ಹೊಲಿಯುವ ಮೊದಲೇ ಇದನ್ನು ಮಾಡಿ ಮುಗಿಸಬೇಕು. ಒದ್ದೆ ದಾರವನ್ನು ಬಿಳಿ ಬಟ್ಟೆಯ ಮಡಿಕೆಯೊಳಗಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಮದುವೆಯ ಬ್ಲೌಸಿಗೆ ಮೊದಲು ನಾನು ಇಷ್ಟು ಮಾಡಿದ್ದರೆ ಸಾಕಿತ್ತು.

ರೇಯಾನ್

ಹೊಸದರಲ್ಲಿ ಹೊಳಪು ಜಾಸ್ತಿ. ಅದು ಮೇಲ್ಮೈಯ ಹೊಳಪು ಅನ್ನಿಸಿತು ನನಗೆ. ದಾರ ಜಾರುತ್ತದೆ, ಹಿಂದೆ ಭದ್ರ ಮಾಡಿದ ತುದಿಯೂ ಬಿಚ್ಚಿಕೊಳ್ಳುತ್ತದೆ. ಒದ್ದೆಯಾದಾಗ ರೇಯಾನ್ ತನ್ನ ಬಲದಲ್ಲಿ ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಮದುವೆಯ ಬ್ಲೌಸಿನ ಮೇಲೆ ಅದು ಏನಾಯಿತು ಅಂತ ಆಗಲೇ ಹೇಳಿದೆ. ಆರಿ ವರ್ಕ್ ಮಾಡುವವರು ಕೊಕ್ಕೆ ಸೂಜಿಯಲ್ಲಿ ಸರಸರ ಸರಪಳಿ ಹೊಲಿಗೆ ಹಾಕುವುದಕ್ಕೆ ಇದನ್ನು ಬಳಸುತ್ತಾರೆ, ಅಲ್ಲಿ ಹೊಲಿಗೆ ಚಿಕ್ಕದು, ಒಂದನ್ನೊಂದು ಹಿಡಿದಿರುತ್ತದೆ, ಹಾಗಾಗಿ ನಿಲ್ಲುತ್ತದೆ. ರೇಯಾನ್ ಬೇಕು ಅಂತ ಗೊತ್ತಿದ್ದು ಕೊಂಡರೆ ತಪ್ಪಿಲ್ಲ. ರೇಷ್ಮೆ ಅಂತ ನಂಬಿಸಿ ಮಾರುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಅಪ್ಪಟ ರೇಷ್ಮೆ ಅಂತ ಹೇಳುವ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ 2004ರಿಂದ ಇದೆ, ಇದ್ದರೆ ನೋಡಿ ಕೊಳ್ಳಿ. ಚೀಟಿ ಇಲ್ಲದ ಕಡೆ ಒಂದು ಎಳೆ ಸುಟ್ಟು ನೋಡುವುದೇ ದಾರಿ.

ಚೀಲದ ಮೇಲೆ ಎರಡು ತಿಂಗಳು

ನೋಡಲು ಚೆಂದ ಇದ್ದರೆ ಸಾಲದು, ಉಡುವ ಬಟ್ಟೆ ಬಾಳಿಕೆ ಬರಬೇಕು. ಬೇರೆ ಹಾಕಿಟ್ಟ ತುಂಡುಗಳಲ್ಲಿ ಒಂದೊಂದು ದಳವನ್ನು ನನ್ನ ತರಕಾರಿ ಚೀಲದ ಹಿಡಿಕೆಗೆ ಹೊಲಿದೆ. ದಿನಾ ಭುಜಕ್ಕೆ ಉಜ್ಜುವ ಜಾಗ. ಎರಡು ತಿಂಗಳು ಹಾಗೇ ಓಡಾಡಿದೆ.

ಚಪ್ಪಟೆ ರೇಷ್ಮೆಯ ದಳ ಮೂರನೇ ವಾರಕ್ಕೇ ಅರಳೆಯಾಯಿತು. ಹೂವಿನ ಆಕಾರವೇ ಉಳಿಯಲಿಲ್ಲ. ಹುರಿ ಹಾಕಿದ ರೇಷ್ಮೆ ಎರಡು ತಿಂಗಳ ಮೇಲೂ ಹೊಸದರಂತೆ, ಸ್ವಲ್ಪ ಕೊಳೆ ಅಷ್ಟೇ. ಸ್ಪನ್ ಸಿಲ್ಕ್ ಮೇಲೆ ಸಣ್ಣ ನವಿರು ಎದ್ದಿತ್ತು, ಆದರೆ ಹೊಲಿಗೆ ಒಂದೂ ಕಿತ್ತಿರಲಿಲ್ಲ. ನೇಕಾರರ ನೂಲಿನಲ್ಲಿ ಹಾಗೇ ಹಾಕಿದ ಭಾಗ ಎದ್ದಿತ್ತು, ಹೊಸೆದು ಹಾಕಿದ ಭಾಗ ಗಟ್ಟಿಯಾಗಿತ್ತು. ಒಂದೇ ಲಡಿಯ ನೂಲು, ಒಂದೇ ದಳದ ಎರಡು ಅರ್ಧ! ರೇಯಾನ್ ಎಳೆಗಳು ಬಿಚ್ಚಿ ಕುಣಿಕೆಗಳಾಗಿ ನೇತಾಡುತ್ತಿದ್ದವು.

ಒಗೆದು ನೋಡಲು ಅಂಟುವಾಳದ ನೊರೆಯಲ್ಲಿ ತುಂಡುಗಳನ್ನು ಹತ್ತು ನಿಮಿಷ ಅದ್ದಿದೆ. ಸೋಡಾ ಇರುವ ಬಟ್ಟೆ ಪುಡಿ, ಬ್ಲೀಚು ರೇಷ್ಮೆಗೆ ಆಗದು. ನಾಲ್ಕೂ ರೇಷ್ಮೆ ಚೆನ್ನಾಗಿಯೇ ಬಂದವು. ಚಪ್ಪಟೆ ರೇಷ್ಮೆಯ ಹೊಲಿಗೆ ಮಾತ್ರ ಸ್ವಲ್ಪ ಸಡಿಲಾಗಿ ಅಲೆ ಎದ್ದಿತ್ತು. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ರೇಷ್ಮೆ ಬಣ್ಣವನ್ನೂ ಬಲವನ್ನೂ ಕಳೆದುಕೊಳ್ಳುತ್ತದೆ. ಇಸ್ತ್ರಿ ಮಾಡುವಾಗ ಕಸೂತಿಯ ಮುಖವನ್ನು ದಪ್ಪ ಟವೆಲ್ ಮೇಲೆ ಕೆಳಮುಖ ಮಾಡಿ ಹಿಂದಿನಿಂದ ಒತ್ತಿ, ಹೊಲಿಗೆ ಚಪ್ಪಟೆಯಾಗುವುದಿಲ್ಲ.

ಇದೆಲ್ಲ ಆದ ಮೇಲೆ ಅವ್ವನ ಪೆಟ್ಟಿಗೆಯ ಚಂದ್ರಕಾಳಿ ಸೀರೆಯ ತುಂಡೊಂದನ್ನು ತೆಗೆದು ನೋಡಿದೆ. ಕಪ್ಪು ಮೈ, ಅದರ ಮೇಲೆ ಗೋಪುರ, ಆನೆ, ತುಳಸಿ ಕಟ್ಟೆ. ಧಾರವಾಡ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆಗಳ ಎಣಿಕೆ ಮೇಲೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಗೆರೆ ತುಂಬುತ್ತವೆ. ಹಿಂದೆ ಗಂಟು ಇರುವುದಿಲ್ಲ, ಎರಡೂ ಕಡೆ ಒಂದೇ ಚಿತ್ರ. ಭೂತಗನ್ನಡಿ ಹಿಡಿದೆ. ದಾರ ಸಣ್ಣ ಹುರಿಯದ್ದು, ಎರಡೇ ಎಳೆ. ಅವ್ವ ಚಪ್ಪಟೆ ದಾರ ತಗೊಂಡಿದ್ದರೆ ಮೂಲೆಗಳು ಚೂಪಾಗಿ ನಿಲ್ಲುತ್ತಿರಲಿಲ್ಲ. ದಪ್ಪ ಹುರಿ ತಗೊಂಡಿದ್ದರೆ ವಾಪಸ್ ಬರುವಾಗ ಸೂಜಿಗೆ ಜಾಗ ಸಿಗುತ್ತಿರಲಿಲ್ಲ. ನೇಕಾರರ ನೂಲಿನ ಎರಡು ಎಳೆ ಹೊಸೆದು ಅದೇ ಗೋಪುರ ಹಾಕಿ ನೋಡಿದೆ. ಅವ್ವನ ಗೆರೆಗೂ ನನ್ನ ಗೆರೆಗೂ ದಪ್ಪ ಸರಿಹೋಯಿತು. ಸ್ಪನ್ ಸಿಲ್ಕ್‌ನಲ್ಲಿ ಹಾಕಿದ್ದೂ ಬಂತು, ಆದರೆ ಮೂಲೆಗಳು ಮೆತ್ತಗಾದವು.

ಹಾಗಾದರೆ ಯಾವುದು ಕೊಳ್ಳಬೇಕು ಅಂತ ಅಕ್ಕ ಫೋನಿನಲ್ಲಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ರೇಷ್ಮೆಯಲ್ಲಿ ಮೊದಲ ಸಲ ಹೊಲಿಯುವವರು ಸ್ಪನ್ ಸಿಲ್ಕ್ ತಗೊಳ್ಳಿ, ಕೈ ಹೆದರುವುದಿಲ್ಲ. ಬ್ಲೌಸಿನ ತೋಳು, ಕುತ್ತಿಗೆ ಅಂಚು, ದಿನಾ ಉಜ್ಜುವ ಜಾಗಕ್ಕೆ ಹುರಿ ಹಾಕಿದ್ದೇ ಆಗಬೇಕು. ಗಾಜು ಹಾಕಿ ಗೋಡೆಗೆ ತೂಗುವ ಚಿತ್ರಕ್ಕೆ ಚಪ್ಪಟೆ ರೇಷ್ಮೆಗೆ ಸಮ ಇನ್ನೊಂದಿಲ್ಲ, ಸಮಯ ಮತ್ತು ತಾಳ್ಮೆ ಎರಡೂ ಇದ್ದರೆ. ನನಗೆ ಒಂದೇ ಇಟ್ಟುಕೋ ಅಂದರೆ ನೇಕಾರರ ನೂಲಿನ ಲಡಿ ಇಟ್ಟುಕೊಳ್ಳುತ್ತೇನೆ. ಹಾಗೇ ಹಿಡಿದರೆ ಚಪ್ಪಟೆ, ಹೊಸೆದರೆ ಹುರಿ, ಎರಡೆಳೆಯಾದರೆ ಅವ್ವನ ಕಸೂತಿ.

ಈಗ ಫ್ರೇಮಿನ ಮೇಲೆ ಅಕ್ಕನ ಮಗಳಿಗೆ ಅಂತ ಒಂದು ಹೊಸ ಬ್ಲೌಸ್ ಇದೆ. ಮೊದಲಿನದೇ ಸಂಪಿಗೆ. ತೋಳಿನ ಹೂಗಳ ತೊಟ್ಟು, ಗಂಟು, ಅಂಚು ಎಲ್ಲ ನಾನು ಹೊಸೆದ ದಾರ. ದಳಗಳು ಸ್ಪನ್ ಸಿಲ್ಕ್. ಬೆನ್ನಿನ ನಡುವೆ, ಕುತ್ತಿಗೆಯ ಕೆಳಗೆ, ಸೆರಗು ತಾಗದ ಕಡೆ ಒಂದೇ ಒಂದು ಹೂ ಬಿಟ್ಟುಕೊಂಡಿದ್ದೇನೆ. ಅದಕ್ಕೆ ಚಪ್ಪಟೆ ರೇಷ್ಮೆ. ನಿನ್ನೆ ಸಂಜೆ ಅದರ ಎರಡನೇ ದಳ ಮುಗಿಯಿತು.